ಮೀನಿನ ಮೆಟ್ಟಿಲಿಗೆ ಒಂದು ಹಿಡಿ ಪುರಿ

ನಾನು ಓದಿದ್ದು ಐದನೇ ಕ್ಲಾಸು. ಡಲ್ಲಾಸ್ ಹತ್ತಿರದ ಕಾಪೆಲ್‌ಗೆ, ತಮ್ಮನ ಮನೆಗೆ ಬಂದು ಒಂಬತ್ತು ವರ್ಷವಾದರೂ ಇಂಗ್ಲಿಷ್ ಬೋರ್ಡು ಓದಲು ಬರುವುದಿಲ್ಲ. ಆದರೆ ಆ ದಿನದ ಬೋರ್ಡನ್ನು ತಂಗಿ ಓದಿ ಹೇಳಿದ್ದಳು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ತಂಗಿ ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದಳು. ಎಲ್ಲರೂ ವ್ಯಾಂಕೂವರ್‌ಗೆ ಹೊರಟಿದ್ದೆವು. ಸಿಯಾಟಲ್‌ನಲ್ಲಿ ವಿಮಾನ ಬದಲಿಸಲು ಏಳು ಗಂಟೆ ಬಿಡುವಿತ್ತು. ತಮ್ಮ ನಮ್ಮನ್ನು ಅಲ್ಲಿನ ಕಾಲುವೆಯ ಲಾಕ್ ನೋಡಲು ಕರೆದೊಯ್ದ. ಸಮುದ್ರದಿಂದ ಬಂದ ದೋಣಿಗಳನ್ನು ಎರಡು ದೊಡ್ಡ ಬಾಗಿಲುಗಳ ನಡುವೆ ನಿಲ್ಲಿಸಿ, ನೀರು ತುಂಬಿಸಿ, ಸರೋವರದ ಮಟ್ಟಕ್ಕೆ ಎತ್ತುತ್ತಾರೆ. ಒಂದು ದೋಣಿಯಲ್ಲಿದ್ದ ನಾಯಿ ನಿಧಾನವಾಗಿ ಮೇಲೇರಿ ಬಂದು, ನಮ್ಮನ್ನೊಮ್ಮೆ ನೋಡಿ ಮತ್ತೆ ಮಲಗಿತು.

ಆಚೆ ದಡದಲ್ಲಿ ಮೀನುಗಳಿಗೂ ಮೆಟ್ಟಿಲು ಕಟ್ಟಿದ್ದಾರೆ. ಮೊಟ್ಟೆಯಿಡಲು ತಾವು ಹುಟ್ಟಿದ ಹೊಳೆಗೆ ಮರಳುವ ಸಾಲ್ಮನ್‌ಗಳು ಅದನ್ನು ಹಾರಿ ಹಾರಿ ಹತ್ತುತ್ತವೆ. ತಮ್ಮ ತನ್ನ ಮಗಳ ಜೊತೆ ಗಾಜಿನ ಕಿಟಕಿಯಿಂದ ನೋಡಲು ಕೆಳಗಿಳಿದ. ನಾವಿಬ್ಬರೂ ಮೇಲೆ ಕಂಬಿ ಹಿಡಿದು ನಿಂತೆವು. ನನಗೆ ಶೃಂಗೇರಿಯ ನೆನಪಾಯಿತು. ಅಲ್ಲಿ ಮೀನಿಗೆ ಪುರಿ ಹಾಕದೆ ನಾವು ಎಂದೂ ಹೊಳೆದಂಡೆ ಬಿಟ್ಟು ಎದ್ದವರಲ್ಲ.

ದಾರಿಗೆಂದು ತಂದ ಒಗ್ಗರಣೆ ಪುರಿ ತಂಗಿಯ ಚೀಲದಲ್ಲಿತ್ತು.

"ಒಂದು ಹಿಡಿ ಕೊಡೇ, ಹಾಕೋಣ."

"ಬೇಡ ಕಣಕ್ಕ, ಏನೂ ಹಾಕ್ಬಾರ್ದು ಅಂತ ಬೋರ್ಡಲ್ಲಿ ಬರ್ದಿದಾರೆ. ಇದು ಖಾರದ್ದು ಬೇರೆ, ಪಾಪ, ಮೀನಿಗೆ ಬಿಕ್ಕಳಿಕೆ ಬರತ್ತೆ. ನೀನು ತಿನ್ನು."

ಒಂದು ಹಿಡಿ ತೆಗೆದುಕೊಂಡೆ. ಅವಳು ಫೋಟೋ ತೆಗೆಯಲು ಅತ್ತ ತಿರುಗಿದಾಗ ನೀರಿಗೆ ಹಾಕಿಬಿಟ್ಟೆ.

ಹಳದಿ ಪುರಿ ತೇಲಿತು. ಒಂದು ಮೀನೂ ಬಾಯಿ ಹಾಕಲಿಲ್ಲ. ಯೂನಿಫಾರ್ಮಿನ ಹೆಂಗಸೊಬ್ಬಳು ಬಂದು, ತಂಗಿಯ ತೆರೆದ ಚೀಲ ನೋಡಿ, ಅವಳಿಗೇ ಮೆತ್ತಗೆ ಏನೋ ಹೇಳಿದಳು. ತಂಗಿ ನೀರು ನೋಡಿದಳು, ನನ್ನನ್ನು ನೋಡಿದಳು. "ಸಾರಿ" ಎಂದಳು.

ಅಷ್ಟರಲ್ಲಿ ತಮ್ಮ ಮೇಲೆ ಬಂದ.

"ಏನೇ ಇದು! ಬಿ.ಎ. ಓದಿದೀಯ, ಬೋರ್ಡ್ ಕಾಣಲ್ವಾ? ಅಕ್ಕನ್ನ ನೋಡಿ ಕಲ್ತ್ಕೋ."

"ಅತ್ತೆ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದಳು ಅವನ ಮಗಳು.

ನಾನು ಎಣ್ಣೆಗೈಯನ್ನು ಸೆರಗಿನಲ್ಲಿ ಒರೆಸಿಕೊಂಡೆ. ಎಲ್ಲಿಗೆ ಕರೆದೊಯ್ದರೂ ಅಕ್ಕನಿಂದ ತೊಂದರೆಯಿಲ್ಲ ಎಂದು ತಮ್ಮ ಬಂದವರೆದುರೆಲ್ಲ ಹೇಳುತ್ತಾನೆ. ಆ ಮನೆಯಲ್ಲಿ ನನಗಿರುವ ಹೆಸರು ಅದೊಂದೇ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ತಂಗಿ ಊರಿಗೆ ಹೋಗಿ ವರ್ಷವಾಯಿತು. ಕಳೆದ ಭಾನುವಾರ ವಿಡಿಯೋ ಕಾಲಿನಲ್ಲಿ ತಮ್ಮ ನಗುತ್ತ, "ಇನ್ನೊಂದ್ಸಲ ಬಾರೆ, ಈ ಸಲ ಚೀಲ ಚೆಕ್ ಮಾಡೇ ಕಾರ್ ಹತ್ತಿಸ್ತೀನಿ" ಎಂದ.

"ಅಷ್ಟು ಕಷ್ಟ ನಿನಗ್ಯಾಕಣ್ಣ, ನಾನು ಬರೋದೇ ಇಲ್ಲ" ಎಂದು ಅವಳೂ ನಕ್ಕಳು. ಆದರೆ ಬೇಗ ಫೋನ್ ಇಟ್ಟಳು.

"ಅವತ್ತು ಪುರಿ ಹಾಕಿದ್ದು ನಾನು ಕಣೋ" ಎಂದೆ.

ತಮ್ಮ ತಲೆ ಎತ್ತಲಿಲ್ಲ. "ಅವಳನ್ನ ವಹಿಸ್ಕೊಂಡು ಬರ್ಬೇಡ ಅಕ್ಕ. ನೀನೇನು ಅಂತ ನನಗೆ ಗೊತ್ತಿಲ್ವಾ?"

ನಾನು ಎರಡನೇ ಸಲ ಹೇಳಲಿಲ್ಲ.