ಬಾಯ್ತುಂಬ ಕುಸುಬಿ ಎಣ್ಣೆ

ಗಂಟಲಿಗೆ ಇಳಿದೀತು, ಕೆಮ್ಮು ಹತ್ತೀತು, ಇರುವ ಹಲ್ಲೂ ಸಡಿಲಾದೀತು ಎಂದು ಹೆದರುತ್ತಲೇ, ವಸಡು ಗಟ್ಟಿಯಾಗಲೆಂದು ಒಂದು ಚಮಚ ಕುಸುಬಿ ಎಣ್ಣೆಯನ್ನು ಬಾಯಿಗೆ ಹಾಕಿಕೊಂಡು ಬೈಲಹೊಂಗಲದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮುಕ್ಕಳಿಸುತ್ತಿದ್ದೆ. ಆಗಲೇ ಹೆಂಡತಿ ಚೀಲ ಹಿಡಿದು ಎದುರಿಗೆ ನಿಂತಳು.

“ಪಂಚಮಿಗೆ ರಾಮದುರ್ಗಕ್ಕ ತವರಮನಿಗೆ ಹೊಂಟೇನ್ರಿ. ಎಂಟ ದಿನ ಇದ್ದ ಬರತೇನಿ. ಬ್ಯಾಡ ಅನ್ನೂದಿದ್ರ ಈಗ ಹೇಳ್ರಿ!”

ಮಳೆ, ಬಸ್ಸು, ನನ್ನ ಬಿ.ಪಿ. ಎಂದು ಪ್ರತಿ ವರ್ಷ ಏನಾದರೊಂದು ನೆಪ ಹೇಳಿ ಆಕೆಯನ್ನು ತಡೆಯುತ್ತಿದ್ದವನು ನಾನು. ಈಗ ಹದಿನೈದು ನಿಮಿಷಕ್ಕೆ ಮೊದಲೇ ಉಗುಳಿದರೆ ಗುಣ ಹೋದೀತೆಂಬ ಚಿಂತೆಯಲ್ಲಿ ಬರೀ ಕೈ ಬೀಸಿದೆ.

ಒಳಗಿಂದ ನನ್ನ ತಾಯಿಯೇ ಕೂಗಿದಳು: “ಲಗೂನ ಹೋಗವಾ, ಅಂವ ಎಣ್ಣಿ ಉಗುಳೂದ್ರಾಗ ಬಸ್ ಹತ್ತು!”

ಹೆದರಿದ್ದು ಯಾವುದೂ ಆಗಲಿಲ್ಲ. ಎಂಟು ದಿನ ರೊಟ್ಟಿ ಮಾತ್ರ ನಾನೇ ಬಡಿದೆ, ಒಂದೂ ದುಂಡಗಾಗಲಿಲ್ಲ.