ಆದಿಲಕ್ಷ್ಮಮ್ಮನ ಹಾಲು ಹೆಪ್ಪಾಗದ ದಿನ

ಡೆಂಕಣಿಕೋಟೆ ಕಡೆಯ ನಮ್ಮೂರಲ್ಲಿ ಯಾರ ಮನೆಯ ಊಟವಿದ್ದರೂ ಮೊಸರು ಮಾತ್ರ ಆದಿಲಕ್ಷ್ಮಮ್ಮನದೇ. ಗಡಿಗೆ ಓರೆ ಮಾಡಿದರೂ ಅಲುಗದ ಮೊಸರು. ಅವಳಿಗೆ ಓಲೆ ಬಳೆಗಳ ಆಸೆಯಿರಲಿಲ್ಲ. "ಆದಿಲಕ್ಷ್ಮಿ ಕೈ ಅಂದ್ರೆ ಕೈ" ಎಂದು ಯಾರಾದರೂ ಅಂದರೆ ಸಾಕು, ಮುಖ ಅರಳುತ್ತಿತ್ತು.

ಇಸವಿ ಎಂಬತ್ತೊಂದೋ ಎಂಬತ್ತೆರಡೋ ಇರಬೇಕು. ನಾನು ಅವಳ ಪಕ್ಕದ ಮನೆಯವಳು; ನನ್ನ ಮೊಮ್ಮಗಳ ನಾಮಕರಣಕ್ಕೂ ಮೊಸರು ಕೊಡಲು ಅವಳೇ ಒಪ್ಪಿಕೊಂಡಿದ್ದಳು. ಅಷ್ಟರಲ್ಲಿ ಅವಳ ಹಸು ಗೌರಿಗೆ ಕೆಚ್ಚಲು ಬಾವು ಬಂತು. ದನದ ಡಾಕ್ಟರು ವೆಂಕಟಸ್ವಾಮಿ ಪೆನ್ಸಿಲಿನ್ ಸೂಜಿ ಹಾಕಿ, "ದಿನಾ ಆಸ್ಪತ್ರೆಗೆ ಹೊಡ್ಕೊಂಡು ಬನ್ನಿ. ನಾನು ಹೇಳೋಗಂಟ ಈ ಹಾಲು ಯಾರೂ ಕುಡೀಬಾರ್ದು" ಅಂದರು.

ಬಾವು ಇಳಿಯಿತು. ಗಂಡ ಆವುಲಪ್ಪ, "ವಾಸಿ ಆತಲ್ಲ, ಇನ್ಯಾಕೆ?" ಎಂದು ಸೂಜಿ ನಿಲ್ಲಿಸಿಬಿಟ್ಟ. ಚೆನ್ನಾಗಿ ಕಾಯಿಸಿದರೆ ಮದ್ದು ಹೋಗುತ್ತದೆಂದು ಅವಳು ಹಾಲಿಗೆ ಹೆಪ್ಪು ಹಾಕಿದಳು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಇನ್ನಷ್ಟು ಹೆಪ್ಪು ಸುರಿದು ಒಲೆ ಪಕ್ಕ ಇಟ್ಟಳು. ಊಹೂಂ.

"ನಾಳೆ ನಾಮಕರಣ ಕಣಕ್ಕ. ನನ್ ಕೈಗೆ ಏನಾತು?" ಎಂದು ಕಣ್ಣೊರೆಸಿಕೊಂಡಳು. ನಾನು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ದೃಷ್ಟಿ ತಗುಲಿದ್ದರೆ ಘಾಟೇ ಏಳಬಾರದು; ನಾವಿಬ್ಬರೂ ಘಾಟಿಗೆ ಸೀನಿದೆವು. ದೃಷ್ಟಿಯೂ ಅಲ್ಲ ಎಂದಾಯಿತು.

ಹಸು ಬರಲಿಲ್ಲವೇಕೆಂದು ಕೇಳಲು ಸೈಕಲ್ಲಿನಲ್ಲಿ ಬಂದ ಡಾಕ್ಟರು ಗಡಿಗೆ ನೋಡಿ ನಕ್ಕರು.

"ನಿಮ್ ಕೈ ಸರಿಯಾಗೇ ಐತಮ್ಮಾ. ಹಾಲನ್ನ ಮೊಸರು ಮಾಡೋದು ಕಣ್ಣಿಗೆ ಕಾಣದ ಜೀವಗಳು. ಬಾವು ತರೋದೂ ಅಂಥವೇ, ಬೇರೆ ಜಾತಿ. ಈ ಮದ್ದು ಅವುಕ್ಕೆ ಮೈಸುತ್ತ ಗೋಡೆ ಕಟ್ಟೋಕೆ ಬಿಡಲ್ಲ, ಒಡೆದು ಸಾಯ್ತವೆ. ನಿಮ್ ಹೆಪ್ಪು ಯಾವುದು, ರೋಗ ಯಾವುದು ಅಂತ ಅದಕ್ಕೇನು ಗೊತ್ತು? ಕಾಯಿಸಿದ್ರೂ ಅದು ಹೋಗಲ್ಲ."

"ಬಾವು ಇಳೀತಲ್ಲ ಸಾರ್?" ಎಂದ ಆವುಲಪ್ಪ.

"ಮೆತ್ತಗಿರೋವು ಸತ್ತವೆ, ಗಟ್ಟಿಯಾಗಿರೋವು ಇನ್ನೂ ಒಳಗೇ ಅವೆ. ಈಗ ಬಿಟ್ರೆ ಅವೇ ಹೆಚ್ಕೊಂಡು, ಮುಂದಕ್ಕೆ ಈ ಸೂಜಿಗೆ ಬಗ್ಗಲ್ಲ."

"ಕೇಳಿದ್ರಾ? ಹಿಡೀರಿ ಗೌರೀನ!" ಎಂದಳು ಆದಿಲಕ್ಷ್ಮಮ್ಮ. ಡಾಕ್ಟರು ಸೂಜಿ ಹಾಕಿದ ಮೇಲೆ ಅವಳು ಆ ಹಾಲನ್ನು ಗುಂಡಿಗೆ ಸುರಿದು, ಗಡಿಗೆ ತೊಳೆದು, ಮನೆಮನೆಗೆ ಹೋಗಿ ಹಾಲು ಕೇಳಿ ತಂದಳು.

ಮಾರನೆಯ ದಿನ ಬಡಿಸುವ ಮೊದಲು ಗಡಿಗೆ ಓರೆ ಮಾಡಿ ತೋರಿಸಿದಳು, ಮೊಸರು ಅಲುಗಲಿಲ್ಲ. ಪಂಕ್ತಿಯಲ್ಲಿ ಡಾಕ್ಟರ ಪಕ್ಕ ಕೂತ ಆವುಲಪ್ಪ ಸೀನುತ್ತಾ, "ಸಾರ್, ನಂಗೂ ಒಂದು ಸೂಜಿ" ಅಂದ.

"ನೆಗಡಿ ತರೋವು ಅಂಥ ಗೋಡೇನೇ ಕಟ್ಟಲ್ಲ, ಆ ಮದ್ದಿಗೆ ಬಗ್ಗಲ್ಲಪ್ಪ," ಎಂದರು ಡಾಕ್ಟರು.

"ಗೌರಿಗೆ ಹಾಕ್ಸೋವಾಗ ಬ್ಯಾಡ ಅಂದೋರು, ಈಗ ತಮಗೆ ಬೇಕಂತೆ! ಮೆಣಸಿನ ಸಾರು ಕುಡೀರಿ," ಎಂದು ಅವಳು ಗಂಡನ ಎಲೆ ಬಿಟ್ಟು ಮೊಸರಿನ ಸೌಟು ಮುಂದಿನ ಎಲೆಗೆ ಸಾಗಿಸಿದಳು.