ಕಣಕುಂಬಿಯಲ್ಲಿ ತಾಳೆ ನೋಡಿದ್ದು

ನೆಹರು ನಗರದ ದೊಡ್ಡ ಆಸ್ಪತ್ರೆಯ ಎದುರು ಔಷಧದ ಅಂಗಡಿಗಳ ಸಾಲು ಮುಗಿಯುವಲ್ಲಿ ತ್ರಿಶಲಾಳ ಅಂಗಡಿಯಿದೆ. ಅಲ್ಲಿ ಔಷಧ ಸಿಗುವುದಿಲ್ಲ. ಊರುಗೋಲು, ಗಾಲಿಕುರ್ಚಿ, ಮೊಣಕಾಲ ಪಟ್ಟಿ, ದೊಡ್ಡವರ ಡೈಪರ್, ಕರುಳಿನ ಆಪರೇಶನ್ ಆದವರು ಹೊಟ್ಟೆಗೆ ಅಂಟಿಸಿಕೊಳ್ಳುವ ಚೀಲ, ಇಂಥವು ಸಿಗುತ್ತವೆ. ಹನ್ನೊಂದು ವರ್ಷಗಳ ಹಿಂದೆ ಅವಳ ಮಾವ ಪಾಯಪ್ಪನವರಿಗೆ ಲಕವಾ ಹೊಡೆದಾಗ, ಕೂತಲ್ಲೇ ಶೌಚ ಮಾಡುವ ಒಂದು ಕುರ್ಚಿಗಾಗಿ ಬೆಳಗಾವಿಯನ್ನೆಲ್ಲ ಅಲೆದಿದ್ದಳು. ಅಲೆದು ಬಂದ ಸಿಟ್ಟಿನಲ್ಲಿ, “ಮಾರೋರು ಇಲ್ಲಂದ್ರ ನಾನ ಮಾರತೀನಿ” ಎಂದು ತೆರೆದ ಅಂಗಡಿ ಇದು.

ತ್ರಿಶಲಾ ನನ್ನ ವಿದ್ಯಾರ್ಥಿನಿ. ಖಾನಾಪುರದ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಎದ್ದು ನಿಂತು, “ಅಕ್ಕೋರ, ಪುಸ್ತಕದ ಹಿಂದಿನ ಉತ್ತರ ತಪ್ಪೈತ್ರಿ. ತಾಳೆ ನೋಡೀನ್ರಿ” ಎಂದಳು. “ಪುಸ್ತಕಾ ಬರದವರು ನಿನಕಿಂತ ಶಾಣ್ಯಾ ಅದಾರ, ಕುಂದರು” ಎಂದು ಗದರಿದೆ. ಸಂಜೆ ಮನೆಯಲ್ಲಿ ಬಿಡಿಸಿ ನೋಡಿದರೆ ಅವಳದೇ ಸರಿ. ಮರುದಿನ ಎಲ್ಲರೆದುರು ಒಪ್ಪಿಕೊಂಡೆ. ಅವಳು ನಗಲಿಲ್ಲ, ಪುಸ್ತಕ ತೆಗೆದು ಆ ಉತ್ತರವನ್ನು ಪೆನ್ಸಿಲಿನಿಂದ ತಿದ್ದಿಕೊಂಡಳು.

ಆ ಅಂಗಡಿಗೆ ವೆಬ್‌ಸೈಟು ಬೇಕಾದದ್ದು ನಾಚಿಕೆಯ ಕಾರಣಕ್ಕೆ. ಆಸ್ಪತ್ರೆಯಿಂದ ಊರಿಗೆ ಹೋದವರಿಗೆ ತಿಂಗಳು ತಿಂಗಳು ಡೈಪರೋ ಚೀಲವೋ ಬೇಕಾಗುತ್ತದೆ. ಮನೆಮಂದಿಯ ನಡುವೆ ನಿಂತು ಫೋನಿನಲ್ಲಿ ಅದರ ಹೆಸರು ಹೇಳಲು ಬಾಯಿ ಬರುವುದಿಲ್ಲ. “ಅದ... ಅದರೀ...” ಎಂದು ತಡವರಿಸಿ ಬೇರೆ ಅಳತೆಯದನ್ನು ತರಿಸಿಕೊಂಡು ಪೇಚಾಡುತ್ತಾರೆ. ಚಿತ್ರ ನೋಡಿ ಬೆರಳೊತ್ತಿದರೆ ಮಾತೇ ಬೇಡ. ಡಬ್ಬಿ ಬಸ್ಸಿನಲ್ಲಿ ಹೋಗುತ್ತದೆ. ಕಂಡಕ್ಟರು ಡಬ್ಬಿ ಒಯ್ಯುತ್ತಾನೆಯೇ ಹೊರತು ದುಡ್ಡು ವಸೂಲು ಮಾಡುವುದಿಲ್ಲ. ಆದ್ದರಿಂದ ಹಣ ಮೊದಲೇ ಬರಬೇಕು.

ವೆಬ್‌ಸೈಟು ಮಾಡಿಕೊಟ್ಟವನು ಮೈದುನ ಪ್ರತೀಕ. ಗಿರಾಕಿಯ ಹಣವನ್ನು ಅಂಗಡಿಯ ಖಾತೆಗೆ ಮುಟ್ಟಿಸುವ ಕಂಪನಿಗೆ ಪೇಮೆಂಟ್ ಗೇಟ್‌ವೇ ಎನ್ನುತ್ತಾರೆ. ಅಂಥವುಗಳಲ್ಲಿ ನೂರಕ್ಕೆ ಒಂದೂವರೆ ರೂಪಾಯಿ ಮಾತ್ರ ಮುರಿದುಕೊಳ್ಳುವ, ಎಲ್ಲಕ್ಕಿಂತ ಅಗ್ಗದ್ದನ್ನು ಅವನು ಹುಡುಕಿ ಜೋಡಿಸಿದ್ದ.

ಜುಲೈ ತಿಂಗಳ ಒಂದು ಮಧ್ಯಾಹ್ನ, ಘಟ್ಟದ ಅಂಚಿನ ಮಳೆಯೂರು ಕಣಕುಂಬಿಯ ಸಾತವ್ವ ಒದ್ದೆ ಕೊಡೆ ಹಿಡಿದು ಅಂಗಡಿಗೆ ಬಂದಳು. ಅವಳ ಗಂಡ ಭರಮಣ್ಣನಿಗೆ ಕರುಳಿನ ಆಪರೇಶನ್ ಆಗಿತ್ತು.

“ರೊಕ್ಕಾ ತಗೊಂಡು ಸುಮ್ನ ಕುಂತೀಯಲ್ಲವಾ, ಖರೇ ಹೇಳು, ಇದು ಅಂಗಡಿಯೋ ಏನು?”

ಒಂಬತ್ತು ನೂರು ರೂಪಾಯಿ ಅವಳ ಖಾತೆಯಿಂದ ಹೋಗಿತ್ತು. ನಡುವೆ ನೆಟ್‌ವರ್ಕ್ ಕಡಿದದ್ದರಿಂದ ಆರ್ಡರು ಅಂಗಡಿಗೆ ಮುಟ್ಟಿರಲೇ ಇಲ್ಲ. ನಾಲ್ಕು ದಿನ ಬಸ್ಸಿಗೆ ಕಾದು, ಹಳೆಯ ಸೀರೆ ಹರಿದು ಗಂಡನ ಹೊಟ್ಟೆಗೆ ಕಟ್ಟಿ, ಐದನೆಯ ದಿನ ಅವಳೇ ಬಂದಿದ್ದಳು.

ತ್ರಿಶಲಾ ಚೀಲಗಳ ಎರಡು ಡಬ್ಬಿ ಕೊಟ್ಟಳು. ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿದಳು. ಹಾಡು ಕೇಳಿಸಿತು, ಮನುಷ್ಯರು ಕೇಳಿಸಲಿಲ್ಲ. ಅಂದೇ ಸಂಜೆ ಪ್ರತೀಕನಿಗೆ ಹೇಳಿ ವೆಬ್‌ಸೈಟಿನಲ್ಲಿ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿದಳು.

“ವೈನಿ, ಒಂದು ಸಲ ಹಿಂಗಾತಂತ ಬಂದ್ ಮಾಡೂದೇನು?” ಎಂದ ಪ್ರತೀಕ.

“ಮತ್ತೊಂದು ಎರಡು ಕಂಪನಿ ಜೋಡಿಸು. ಮೂರನ್ನೂ ಪರೀಕ್ಷಾ ಮಾಡೂಣು.”

“ಮಾಡೀನಲ್ಲ, ಇಲ್ಲೇ ಕುಂತು. ಎಲ್ಲಾ ಚಲೋ ನಡದಾವ.”

“ಇಲ್ಲಿ ನಡೀದ ಏನ್ಮಾಡತಾವ? ತಲೀ ಮ್ಯಾಲ ಟಾವರ್ ಐತಿ. ಕಣಕುಂಬಿಯಾಗ ಮಾಡೂದು. ಅದೂ ಮಳಿ ಇದ್ದಾಗ.”

ಹೊಸ ಎರಡು ಕಂಪನಿಗಳ ಕಾಗದಪತ್ರ ಮುಗಿಯಲು ಮೂರು ವಾರ ಹಿಡಿಯಿತು. ಆಗಸ್ಟಿನಲ್ಲಿ ನನಗೆ ಫೋನು ಬಂತು. “ಅಕ್ಕೋರ, ವ್ಯಾಳ್ಯಾ ಬರಕೊಳ್ಳಾಕ ಒಬ್ಬರು ಬೇಕಾಗ್ಯಾರ. ನಿಮ್ಮ ಅಕ್ಷರ ಚಲೋ ಅದಾವ.” ಖಾನಾಪುರದಿಂದ ಬೆಳಗಾವಿಗೆ ಹೋಗಿ ಅವಳನ್ನು ಕೂಡಿಕೊಂಡೆ. ಇಬ್ಬರೂ ಆಧಾರ್ ತೋರಿಸಿ, ಹೆಂಗಸರಿಗೆ ಕೊಡುವ ಶೂನ್ಯ ದರದ ಚೀಟಿ ಪಡೆದು, ಜಾಂಬೋಟಿ ಮೇಲೆ ಹಾದು ಹೋಗುವ ಕಣಕುಂಬಿ ಬಸ್ಸಿನಲ್ಲಿ ಕೂತೆವು. ಪ್ರತೀಕ ರಜೆ ಹಾಕಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಯಾವ ಆರ್ಡರು ಎಷ್ಟು ಗಂಟೆಗೆ ಬಂತೆಂದು ಬರೆದುಕೊಳ್ಳುವುದು ಅವನ ಕೆಲಸ. ಇತ್ತ ಯಾವಾಗ ಒತ್ತಿದರೆಂದು ಬರೆಯುವುದು ನನ್ನದು.

ಸಾತವ್ವನ ಅಂಗಳದಲ್ಲಿ ಬಾವಿಯ ಬಾಜು ಮಾತ್ರ ನೆಟ್‌ವರ್ಕಿನ ಒಂದು ಗೆರೆ ಬರುತ್ತಿತ್ತು. ಹೊಸ್ತಿಲು ದಾಟಿದರೆ ಅದೂ ಇಲ್ಲ.

“ಮಾವಶಿ, ನೀವ ಒತ್ತರಿ. ಹತ್ತು ರೂಪಾಯಿದ ಹತ್ತಿ ಸುರಳಿ ತಗೋರಿ. ಪಿನ್ ಹಾಕಿದ ಕೂಡ್ಲೆ ಒಳಗ ಬರ್ರಿ, ನೆಟ್‌ವರ್ಕ್ ನಡುವ ಕಡೀಲಿ.”

“ಮದ್ಲ ನನ್ನ ರೊಕ್ಕಾ ಹೋಗೇತಿ, ಈಗ ಪರೀಕ್ಷಾಕ್ಕೂ ನನ್ನ ರೊಕ್ಕೇನು?”

“ರೊಕ್ಕಾ ನಂದು, ಬೆರಳು ನಿಮ್ಮದು.”

ಕೋಲೂರಿ ಕೂತಿದ್ದ ಭರಮಣ್ಣ ನಕ್ಕ. “ಆಕಿ ಬೆರಳಿಗೆ ತಾಳ್ಮಿ ಇಲ್ರಿ. ಒಂದರ ಬದಲಿ ನಾಕು ಸಲ ಒತ್ತತಾಳ.”

“ಅದಕ್ಕ ಆಕೀನ ಬೇಕು” ಎಂದಳು ತ್ರಿಶಲಾ.

ಸಾತವ್ವ ಸೆರಗು ತಲೆಯ ಮೇಲೆಳೆದು ಬಾವಿಯ ಹತ್ತಿರ ಹೋಗುವಳು, ಒತ್ತುವಳು, ಒಳಗೆ ಓಡುವಳು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುವುದು. ಬೇಸತ್ತು ಮತ್ತೆ ಹೊರಹೋಗಿ ಮತ್ತೆ ಒತ್ತುವಳು. ಒಂದೊಂದು ಕಂಪನಿಗೆ ಆರು ಸರತಿ. ಮಳೆ ಜೋರಾದಾಗ ನಾನು, “ಸಾಕು ಬಿಡವ್ವಾ, ಅವರು ನೆನದು ತೊಪ್ಪಿ ಆಗ್ಯಾರ” ಎಂದೆ. “ಇನ್ನೆರಡು ಉಳದಾವ್ರಿ ಅಕ್ಕೋರ” ಎಂದಳು ತ್ರಿಶಲಾ. ನನ್ನ ಮಾತಿಗೆ ಅವಳು ಕುಳಿತುಕೊಂಡದ್ದು ಎಂಟನೆಯ ತರಗತಿಯಲ್ಲೇ ಕೊನೆಯಿರಬೇಕು.

ಸಂಜೆ ಅಂಗಡಿಗೆ ಮರಳಿ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿದೆವು. ಅಗ್ಗದ ಕಂಪನಿಯಲ್ಲಿ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಕೊಟ್ಟ ಹಣದ ಆರ್ಡರು ಬಂದದ್ದು ಸಂಜೆ ಐದೂ ನಲವತ್ತಕ್ಕೆ. ಆರರಲ್ಲಿ ಎರಡಂತೂ ಬಂದೇ ಇರಲಿಲ್ಲ. ಎರಡನೆಯ ಕಂಪನಿ ಚುರುಕು, ಆದರೆ ಸಾತವ್ವ ಮರಳಿ ಒತ್ತಿದಾಗಲೆಲ್ಲ ಮರಳಿ ಹಣ ಮುರಿದಿತ್ತು. ಮೂರನೆಯದರಲ್ಲಿ ಐದು ಆರ್ಡರು ಎರಡು ಮೂರು ನಿಮಿಷಗಳಲ್ಲಿ ಬಂದಿದ್ದವು. ಎರಡನೆಯ ಸಲ ಒತ್ತಿದ್ದನ್ನು ಅದು ತೆಗೆದುಕೊಂಡಿರಲೇ ಇಲ್ಲ.

“ಆರನೇದು?” ಎಂದು ಕೇಳಿದಳು ತ್ರಿಶಲಾ.

“ಬಂದಿಲ್ಲ. ಆದ್ರ ನೋಡ್ರಿ ವೈನಿ, ಹನ್ನೆರಡೂ ಇಪ್ಪತ್ತಕ್ಕ ಕೆಂಪು ಗೆರಿ ಹಾಕಿ ತೋರಿಸೇತಿ. ಹಣ ಹೊರಟೇತಿ, ಇನ್ನೂ ಮುಟ್ಟಿಲ್ಲಂತ. ಬಾಜೂಕ ಸಾತವ್ವನ ಫೋನ್ ನಂಬರ್ ಸೈತ ಕೊಟ್ಟೈತಿ. ಅವರ ಸಹಾಯದ ನಂಬರಿಗೆ ಹಚ್ಚಿದೆ, ಒಬ್ಬಾಕಿ ಎತ್ತಿದ್ಲು. ರಾತ್ರಿ ಒಳಗ ಹಣ ಆಕೀ ಖಾತೆಗೆ ತಿರುಗಿ ಹೋಗತೈತಂತ.”

“ಇದ ಆತು.”

“ನೂರಕ್ಕ ಎರಡೂಕಾಲು ಮುರೀತಾರ. ಸಾವಿರಕ್ಕ ಏಳೂವರಿ ಹೆಚ್ಚಿಗಿ!”

“ಭರಮಣ್ಣ ಮಾವಾರು ನಾಕು ದಿನ ಹಳೇ ಸೀರಿ ಕಟಗೊಂಡು ಕುಂತಿದ್ರು. ಅದು ನೂರಕ್ಕ ಎಷ್ಟಾತು, ಲೆಕ್ಕಾ ಹಾಕು.”

ಪ್ರತೀಕ ಪೆನ್ನು ಕೆಳಗಿಟ್ಟ. ಆ ಏಳೂವರೆ ರೂಪಾಯಿಯನ್ನು ಗಿರಾಕಿಯ ಮೇಲೆ ಹಾಕೋಣವೇ ಎಂದು ಮರುದಿನ ಕೇಳಿದನಂತೆ. ಅದಕ್ಕೂ ಅವಳು ಒಪ್ಪಲಿಲ್ಲ. ಈಗ ಅಂಗಡಿ ತೆರೆದ ಕೂಡಲೇ ಅವಳು ಮೊದಲು ನೋಡುವುದು ಆ ಕೆಂಪು ಗೆರೆಗಳನ್ನು. ಇದ್ದರೆ ತಾನೇ ಫೋನು ಮಾಡುತ್ತಾಳೆ. ವಸ್ತುವಿನ ಹೆಸರು ಹೇಳುವುದಿಲ್ಲ. “ನಿಮ್ಮ ಡಬ್ಬಿ ಕಳಸತೀನ್ರಿ, ಚಿಂತಿ ಮಾಡಬ್ಯಾಡ್ರಿ” ಎನ್ನುತ್ತಾಳೆ, ಅಷ್ಟೇ.

ಸೆಪ್ಟೆಂಬರಿನಲ್ಲಿ ನಾನು ಕಾಲಿನ ಪಟ್ಟಿ ಕೊಳ್ಳಲು ಹೋದಾಗ ತ್ರಿಶಲಾಳ ಫೋನು ಬಡಿದುಕೊಂಡಿತು. ಸಾತವ್ವ ರಸ್ತೆಯ ತಿರುವಿನವರೆಗೆ ನಡೆದು ಬಂದು ಮಾತಾಡುತ್ತಿದ್ದಳು. ಗಾಳಿಯ ಸದ್ದು ನನಗೂ ಕೇಳಿಸಿತು.

“ಏ ತಂಗೀ, ನಿನ್ನಿ ಚಕ್ರ ತಿರಗಾಕ ಹತ್ತಿತ್ತು, ಮೂರು ಸಲ ಒತ್ತೀನಿ ನೋಡು. ಮೂರು ಡಬ್ಬಿ ಬರತಾವೇನ?”

“ಒಂದ ಬರತೈತಿ ಮಾವಶಿ. ರೊಕ್ಕಾನೂ ಒಂದರದ ಹೋಗೇತಿ.”

“ಖರೇನ?”

“ಖರೇನ. ಮುಂಜಾನಿ ಬಸ್ಸಿಗೆ ಮಾವಾರ ಡಬ್ಬಿ ಇಟ್ಟೀನಿ. ಇನ್ನೊಂದು ತಾಸಿಗೆ ನಿಮ್ಮೂರಾಗ ಇರತೈತಿ, ಮನೀಗೆ ಹೋಗಬ್ಯಾಡ್ರಿ, ಅಲ್ಲೇ ನಿಂದರ್ರಿ.”